ಗಡಿಯಾರವೂ ಸೀಸೆಯೂ

ಕಣ್ಣುಳ್ಳವರೆಲ್ಲ ನೋಡುತ್ತಾರೆ, ಕಾಣುವವರು ಕೆಲವರೇ. ಇಂದು ಕೈಕೈಗೂ ಕ್ಯಾಮೆರಾ ಬಂದಿದೆ. ಹೊಸ ಊರಿಗೆ ಹೋದವನು ಅಲ್ಲಿಯ ಗೋಪುರ, ಸೇತುವೆ, ಅರಮನೆಗಳ ಮುಂದೆ ನಿಂತು ಚಿತ್ರ ತೆಗೆದು, 'ಊರು ನೋಡಿಯಾಯಿತು' ಎಂದು ಹಿಂತಿರುಗುತ್ತಾನೆ. ಇದು ನೋಟವಲ್ಲ, ಬರಿಯ ಹಾಜರಿ ಎಂಬುದು ನನ್ನ ಅಭಿಪ್ರಾಯ. ಊರನ್ನು ಕಾಣುವುದೆಂದರೇನೆಂಬುದನ್ನು ಜಪಾನಿನ ಛಾಯಾಚಿತ್ರಕಾರ ಶೋಮೆಯಿ ತೋಮಾತ್ಸು (1930–2012) ಅವರಿಂದ ಕಲಿಯಬಹುದು.

ನಾಗಾಸಾಕಿ ನೋಟಗಳಿಗೆ ಬಡತನವಿಲ್ಲದ ನಗರ. ಬಂದರಿನ ಸುತ್ತ ಬೆಟ್ಟಗಳು, ಬೆಟ್ಟದ ಮೈಗೆ ಅಂಟಿದ ಮನೆಗಳು, ಹಿಂದೆ ಡಚ್ಚರು ವ್ಯಾಪಾರ ನಡೆಸಿದ ದೇಜಿಮಾ, ಚೀನೀಯರು ಕಟ್ಟಿದ ದೇವಾಲಯಗಳು, ಕ್ರೈಸ್ತರ ಇಗರ್ಜಿಗಳು. 1945ನೆಯ ಆಗಸ್ಟ್ 9ರಂದು, ಬೆಳಗಿನ 11 ಗಂಟೆ 2 ನಿಮಿಷಕ್ಕೆ, ಈ ಊರಿನ ಮೇಲೆ ಅಣುಬಾಂಬು ಸಿಡಿಯಿತು. ಆ ವರ್ಷ ಮುಗಿಯುವುದರೊಳಗಾಗಿ ಸುಮಾರು 70,000 ಜನ ಮಡಿದರು.

1961ರಲ್ಲಿ ತೋಮಾತ್ಸು ಅಲ್ಲಿ ಚಿತ್ರ ತೆಗೆದಾಗ ಊರು ಬಹುಮಟ್ಟಿಗೆ ಮತ್ತೆ ಎದ್ದು ನಿಂತಿತ್ತು. ಬಾಂಬಿಗೆ ಬಿದ್ದ ಉರಾಕಾಮಿ ಇಗರ್ಜಿಯ ಪಾಳುಗೋಡೆಗಳನ್ನು ಕೆಡವಿ, 1959ರಲ್ಲಿ ಹೊಸ ಇಗರ್ಜಿಯನ್ನು ಕಟ್ಟಿದ್ದರು. ದೊಡ್ಡ ದೃಶ್ಯಗಳು ಅಳಿಸಿಹೋಗಿದ್ದವು. ಆದ್ದರಿಂದ ಅವರ ಕಣ್ಣು ಚಿಕ್ಕ ವಸ್ತುಗಳತ್ತ ಹೊರಳಿತು. ಒಡೆದ ಕಲ್ಲಿನ ದೇವದೂತ. ಉರಿಗೆ ಕರಗಿ, ಚರ್ಮ ಸುಲಿದ ಪ್ರಾಣಿಯಂತೆ ತಿರುಚಿಕೊಂಡ ಬಿಯರ್ ಸೀಸೆ. ಬಾಂಬು ಸಿಡಿದೆಡೆಯಿಂದ ಸುಮಾರು 700 ಮೀಟರು ದೂರದಲ್ಲಿ ದೊರೆತ, 11 ಗಂಟೆ 2 ನಿಮಿಷಕ್ಕೆ ನಿಂತುಹೋದ ಕೈಗಡಿಯಾರ.

ಒಂದು ಗಡಿಯಾರದಿಂದ 70,000 ಸಾವು ಹೇಗೆ ತಿಳಿದೀತು ಎಂದು ಕೆಲವರು ಕೇಳಬಹುದು. ಸಂಖ್ಯೆ ದೊಡ್ಡದಾದಷ್ಟೂ ಮನಸ್ಸು ಜಡವಾಗುತ್ತದೆ. ಆದರೆ ಗಡಿಯಾರವನ್ನು ಯಾರೋ ಒಬ್ಬರು ಕಟ್ಟಿಕೊಂಡಿದ್ದರು, ನಾವೂ ಕಟ್ಟಿಕೊಳ್ಳುತ್ತೇವೆ. ಅದನ್ನು ಕಂಡೊಡನೆ ನಮ್ಮ ಮಣಿಕಟ್ಟಿನ ನೆನಪಾಗುತ್ತದೆ. ವಿವರದ ಶಕ್ತಿ ಇದೇ.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಸುಟ್ಟ ಗಾಯದ ಕಲೆ ಹೊತ್ತು ಬದುಕಿದವರ ಮುಖಗಳನ್ನೂ ತೋಮಾತ್ಸು ಚಿತ್ರಿಸಿದರು. ಪರರ ನೋವನ್ನು ಹೀಗೆ ತೋರಿಸುವುದು ಸರಿಯೆ? ಚಿತ್ರ ತೆಗೆದು ರೈಲು ಹತ್ತಿ ಹೋಗುವವನಿಗೆ ಸರಿಯಲ್ಲವೆಂದೇ ನಾನು ಹೇಳುವೆ. ತೋಮಾತ್ಸು ಹಾಗೆ ಹೋದವರಲ್ಲ. 1966ರಲ್ಲಿ ಆ ಗಳಿಗೆಯನ್ನೇ ಹೆಸರಾಗಿಸಿದ ನಾಗಾಸಾಕಿಯ ಚಿತ್ರಗ್ರಂಥವನ್ನು ಹೊರತಂದ ಮೇಲೂ ಅಲ್ಲಿಗೆ ಮತ್ತೆ ಮತ್ತೆ ಹೋದರು. 1998ರಲ್ಲಿ ಅಲ್ಲಿಯೇ ಮನೆ ಮಾಡಿದರು. ಅಣುಬಾಂಬಿನ ಊರಾಗಿ ಮಾತ್ರವಲ್ಲದೆ, ಜನ ಬಾಳುವ ಊರಾಗಿಯೂ ಅದನ್ನು ಚಿತ್ರಿಸಿದರು. ನೋವನ್ನು ನೋಡುವ ಹಕ್ಕು ಮರಳಿ ಬರುವವನಿಗೆ ಮಾತ್ರ ದೊರೆಯುತ್ತದೆ.

ಪ್ರವಾಸ ಹೊರಡುವ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ನೂರು ಚಿತ್ರ ತೆಗೆಯುವ ಹೊತ್ತಿನಲ್ಲಿ ಒಂದು ವಸ್ತುವಿನ ಮುಂದೆ ಸಾವಧಾನವಾಗಿ ನಿಲ್ಲಿರಿ. ಅದು ಯಾರ ಕೈಯಲ್ಲಿತ್ತು, ಏಕೆ ಉಳಿಯಿತು ಎಂದು ವಿಚಾರಿಸಿರಿ. ಕ್ಯಾಮೆರಾ ಆಮೇಲೆ ಬರಲಿ.