ಸೋಪಾನವೆಂಬ ದ್ವಾರಪಾಲಕ

ಕಳೆದ ಮಾಸದ ನಮ್ಮ ಸಂಘದ ಸಭೆಯಲ್ಲಿ, ವಿಶ್ವವಿದ್ಯಾನಿಲಯಗಳಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಿರಬೇಕಾದ ಸೌಕರ್ಯದ ಪ್ರಸ್ತಾಪ ಬಂದಾಗ, ವಿದ್ವನ್ಮಿತ್ರರೊಬ್ಬರು “ನಮ್ಮ ಹುಡುಗರು ಅಂಥ ಸಹಪಾಠಿಯನ್ನು ಹೊತ್ತುಕೊಂಡೇ ಮಹಡಿಯೇರಿಸುತ್ತಾರೆ, ಇದಕ್ಕಿಂತ ಹಿರಿದಾದ ಸಂಸ್ಕೃತಿ ಯಾವುದು?” ಎಂದು ನುಡಿದರು. ಸಭಿಕರು ಕರತಾಡನ ಮಾಡಿದರು. ನಾನು ಮಾಡಲಿಲ್ಲ. ಅಂದು ಹೊತ್ತು ಮೀರಿದ್ದುದರಿಂದ ಹೇಳದೆ ಉಳಿದ ಮಾತನ್ನು ಈ ಪತ್ರಿಕೆಯ ಮುಖಾಂತರ ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ಸಾಂಖ್ಯರ ಅಂಧಪಂಗುನ್ಯಾಯವನ್ನು ನಾವೆಲ್ಲರೂ ಬಲ್ಲೆವು. ಕುರುಡನು ಹೊರುತ್ತಾನೆ, ಕುಂಟನು ದಾರಿ ತೋರುತ್ತಾನೆ. ಅಲ್ಲಿ ಅಪೇಕ್ಷೆಯು ಪರಸ್ಪರವಾದುದು. ಸಹಪಾಠಿಗಳ ಹೆಗಲೇರಿ ತರಗತಿಗೆ ಹೋಗತಕ್ಕವನ ಗತಿ ಹಾಗಲ್ಲ. ಹೊರುವವರ ಬಿಡುವನ್ನು ಅವನು ಕಾದಿರಬೇಕು. ಶೌಚಗೃಹಕ್ಕೂ ಅವರನ್ನೇ ಕರೆಯಬೇಕಾದೀತೆಂದು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರಬೇಕು. ಹೆಣ್ಣುಮಗಳಾದರೆ ಅವಳ ಸಂಕಟವನ್ನು ಬಿಡಿಸಿ ಹೇಳಬೇಕೆ?

ನನ್ನಲ್ಲಿ ಸಂಸ್ಕೃತವನ್ನಭ್ಯಸಿಸಿದ ಬಾಲಿಕೆಯೊಬ್ಬಳು ಗಾಲಿಕುರ್ಚಿಯಲ್ಲಿ ಸಂಚರಿಸುವವಳು. ಅಮರಕೋಶದ ಮೂರು ಕಾಂಡಗಳನ್ನೂ ಕಂಠಸ್ಥವಾಗಿ ಒಪ್ಪಿಸಿದವಳು. ಅದೇ ಭಾಷೆಯಲ್ಲಿ ಎಂ. ಎ. ಮಾಡಬೇಕೆಂದು ಹೊರಟಳು. ಸಂಸ್ಕೃತ ವಿಭಾಗವು ಎರಡನೆಯ ಮಹಡಿಯ ಮೇಲೆ, ಲಿಫ್ಟು ಇಲ್ಲ. ಕಚೇರಿಯವರು ದಯಾಪೂರ್ವಕವಾಗಿಯೇ, ಕೆಳಗಣ ಅಂತಸ್ತಿನಲ್ಲಿ ನಡೆಯುವ ಬೇರೊಂದು ವಿಷಯವನ್ನು ಆರಿಸಿಕೊಳ್ಳಮ್ಮ ಎಂದರು. ಆಕೆ ಆರಿಸಿಕೊಂಡಳು, ಉತ್ತೀರ್ಣಳೂ ಆದಳು. ಅವಳ ವಿದ್ಯೆಯನ್ನು ಅಭಿರುಚಿಯು ನಿರ್ಣಯಿಸಲಿಲ್ಲ, ಅಂತಸ್ತು ನಿರ್ಣಯಿಸಿತು.

ವನಪರ್ವದಲ್ಲಿ ಅಷ್ಟಾವಕ್ರನನ್ನು ಜನಕನ ದ್ವಾರಪಾಲಕನು ತಡೆದನಷ್ಟೆ. ತಡೆದುದು ಮೈಯ ವಕ್ರತೆಗಾಗಿ ಅಲ್ಲ, ಬಾಲಕನೆಂದು. ಬಾಲಕನು ಅವನೊಡನೆ ವಾದಿಸಿ ಒಳಹೊಕ್ಕು ವಂದಿಯನ್ನೂ ಜಯಿಸಿದನು. ಆ ದ್ವಾರಪಾಲಕನಿಗೆ ಕಿವಿಗಳಾದರೂ ಇದ್ದುವು. ನನ್ನ ಶಿಷ್ಯೆಯೆದುರು ನಿಂತದ್ದು ಎಂಟು ಕಲ್ಲುಮೆಟ್ಟಿಲು; ಅದರೊಡನೆ ಯಾವ ನೈಯಾಯಿಕನು ವಾದಿಸಿಯಾನು?

“ಒಬ್ಬಿಬ್ಬರಿಗಾಗಿ ಲಕ್ಷಗಟ್ಟಲೆ ವ್ಯಯವೇಕೆ?” ಎಂಬ ಆಕ್ಷೇಪವೂ ಅಂದು ಕೇಳಿಬಂದಿತು. ದೋಣಿಯಿಲ್ಲದ ಹೊಳೆಯನ್ನು ದಾಟುವವರೇ ಇಲ್ಲವೆಂದು ಲೆಕ್ಕಹಾಕಿ, ದೋಣಿಯೇ ಬೇಡವೆನ್ನುವ ತರ್ಕವಿದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸರಕಾರದ ಮತ್ತು ಸರಕಾರದಿಂದ ನೆರವು ಪಡೆಯುವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಇವರಿಗೆ ನೂರಕ್ಕೆ 5ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನಿಟ್ಟಿದೆ. ಇರುವ ಸಾರ್ವಜನಿಕ ಕಟ್ಟಡಗಳೆಲ್ಲವನ್ನೂ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸುಗಮಗೊಳಿಸತಕ್ಕದ್ದೆಂದೂ ವಿಧಿಸಿದೆ. ನಿಯಮಗಳು ಪ್ರಕಟವಾದುದು 2017ರ ಜೂನಿನಲ್ಲಿ. ಗಡುವು ತೀರಿದುದು 2022ರ ಜೂನಿನಲ್ಲಿ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಸುಗಮತೆಯ ನಿಯಮವನ್ನು ಬರಿಯ ಸಲಹೆಯಂತೆ ಬರೆದಿರುವುದು ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯವಾದ ನಿಯಮಗಳನ್ನು ರಚಿಸಲು ಕೇಂದ್ರ ಸರಕಾರಕ್ಕೆ ಮೂರು ತಿಂಗಳ ಅವಧಿಯನ್ನು ಕೊಟ್ಟಿತು. ಸಾಲದ ವಾಯಿದೆ ಕಳೆದಮೇಲೆ ಸಾಲಗಾರನು ತನ್ನ ದಾನಶೀಲತೆಯನ್ನು ಕೊಂಡಾಡಿಕೊಳ್ಳುವುದು ಯಾವ ಸಂಸ್ಕೃತಿಯೋ ನಾನರಿಯೆ. ಈಚೆಗೆ ಇವರಿಗೆ ‘ದಿವ್ಯಾಂಗ’ರೆಂದು ನಾಮಕರಣವೂ ಆಗಿದೆ, ಹೆಸರು ದಿವ್ಯವಾಯಿತು, ಮೆಟ್ಟಿಲು ಕಲ್ಲಾಗಿಯೇ ಉಳಿಯಿತು.

ಅನ್ಯಾಯವಾಗಿ ನುಡಿಯಬಾರದು. ಶಿಷ್ಯೆ ಓದಿ ಹೊರಬಿದ್ದಮೇಲೆ ಆ ವಿಶ್ವವಿದ್ಯಾನಿಲಯದವರು ಎಂಟು ಮೆಟ್ಟಿಲುಗಳ ಮಗ್ಗುಲಿಗೆ ಇಳಿಜಾರು ಹಾದಿಯೊಂದನ್ನು ಕಟ್ಟಿಸಿದ್ದಾರೆ. ಒಂದಡಿ ಏರಬೇಕಾದರೆ ಹನ್ನೆರಡಡಿ ಉದ್ದವಿರಬೇಕೆಂಬುದು ಇಂಜಿನಿಯರರು ಮನ್ನಿಸುವ ಪ್ರಮಾಣ. ಮೆಟ್ಟಿಲುಗಳ ಎತ್ತರ ನಾಲ್ಕಡಿ, ಬೇಕಾದುದು ನಲವತ್ತೆಂಟಡಿ. ನಾನು ಹೆಜ್ಜೆಯಿಂದಳೆದಾಗ ಹದಿನೈದಡಿಯೂ ಇರಲಿಲ್ಲ. ಗಾಲಿಕುರ್ಚಿಯವಳು ಅದನ್ನು ತಾನಾಗಿ ಏರಲಾರಳು, ಇಳಿಯಹೋದರೆ ಉರುಳಿಬಿದ್ದಾಳು. ನಾನು ಹೋದದ್ದು ಘಟಿಕೋತ್ಸವದ ದಿನ. ಅತಿಥಿಗಳಿಗಾಗಿ ಮೆಟ್ಟಿಲಿಗೆ ಕೆಂಪು ಜಮಖಾನ ಹಾಸಿದ್ದರು. ಇಳಿಜಾರಿನ ಮೇಲೆ, ಬುಡದಿಂದ ತುದಿಯವರೆಗೆ, ಹೂವಿನ ಕುಂಡಗಳನ್ನು ಜೋಡಿಸಿದ್ದರು.