ಕುಳಿಯಂಚಿನ ಪ್ಯಾಕೇಜಿನಲ್ಲಿ ಎಚ್ಚರಿಕೆಯೂ ಸೇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪೂರ್ವ ಜಾವಾದ ಜ್ವಾಲಾಮುಖಿಗಳ ಪ್ರವಾಸ ಲೇಖನ ಓದಿದೆ. ಬರಹ ಸೊಗಸಾಗಿದೆ, ಫೋಟೋಗಳು ಇನ್ನೂ ಸೊಗಸು. ವಿಮಾನದ ವೇಳೆ, ಜೀಪಿನ ಬಾಡಿಗೆ, ಸಸ್ಯಾಹಾರ ಸಿಗುವ ಜಾಗ ಎಲ್ಲವೂ ಇದೆ. ಆದರೆ ಬ್ರೋಮೋ, ಇಜೆನ್ ಎರಡೂ ಜೀವಂತ ಜ್ವಾಲಾಮುಖಿಗಳು, ಅಲ್ಲಿನ ಸರ್ಕಾರ ಪ್ರತಿಯೊಂದಕ್ಕೂ ಎಚ್ಚರಿಕೆಯ ಮಟ್ಟ ಗೊತ್ತುಮಾಡುತ್ತದೆ, ಹೊರಡುವ ಮುನ್ನ ಅದನ್ನು ನೋಡಿಕೊಳ್ಳಬೇಕು ಎಂಬ ಒಂದೇ ಒಂದು ಸಾಲು ಇಲ್ಲ. ಅದೇ ಪುಟದ ಕೆಳಗಿದ್ದ ಪ್ರವಾಸ ಸಂಸ್ಥೆಯ ಜಾಹೀರಾತಿನಲ್ಲಂತೂ ಅದನ್ನು ನಿರೀಕ್ಷಿಸುವ ಹಾಗೇ ಇಲ್ಲ ಬಿಡಿ.

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಬಂದ ಮೇಲೆ ಮಧುಚಂದ್ರದವರು, ನಿವೃತ್ತರು, ಕಚೇರಿಯ ಗೆಳೆಯರ ಗುಂಪು ಎಲ್ಲರೂ ಹೊರಟಿದ್ದಾರೆ. ಬಾಲಿಯ ಬಾತೂರ್ ಬೆಟ್ಟದಲ್ಲಿ ಸೂರ್ಯೋದಯ, ಹಾಗೇ ಪಕ್ಕದ ಜಾವಾಕ್ಕೆ ದಾಟಿ ಇಜೆನ್, ಬ್ರೋಮೋ. ಹೋಗಬೇಡಿ ಎನ್ನಲು ನಾನ್ಯಾರು? ಮಗಳ ಸಂಸಾರದ ಜೊತೆ ನಾನೂ ಇಜೆನ್ ಹತ್ತಿದವನೇ.

ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ನಡುರಾತ್ರಿ ಕಳೆದ ಮೇಲೆ ಏರು ಶುರುವಾಗುತ್ತದೆ. ಬಾಡಿಗೆಯ ಗ್ಯಾಸ್ ಮಾಸ್ಕ್ ಕತ್ತಿನಲ್ಲಿ ಜೋತಾಡುತ್ತಿರುತ್ತದೆ. ಅಂಚು ತಲುಪಿದರೆ ಕೆಳಗೆ ಕುಳಿ, ಅದರ ತಳದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದೆನ್ನುವ ಆಮ್ಲದ ಸರೋವರ. ಗಂಧಕದ ಅನಿಲ ಹೊತ್ತಿಕೊಂಡು ಉರಿಯುವ ಪ್ರಸಿದ್ಧ ನೀಲಿ ಜ್ವಾಲೆ ಇರುವುದೂ ಆ ಕೆಳಗೇ. ಇಳಿಯುವ ದಾರಿಯ ಬಾಯಲ್ಲಿ ಒಂದು ಬೋರ್ಡು: ಪ್ರವಾಸಿಗರು ಕುಳಿಗೆ ಇಳಿಯುವುದನ್ನು ನಿಷೇಧಿಸಿದೆ, ಅಪಾಯ. ಅದರ ಪಕ್ಕದಲ್ಲೇ ತಲೆಗೆ ಟಾರ್ಚ್ ಕಟ್ಟಿಕೊಂಡವರ ಸಾಲು ಇಳಿಯುತ್ತಿತ್ತು. ಎಪ್ಪತ್ತು ಎಂಬತ್ತು ಕಿಲೋ ಹಳದಿ ಗಂಧಕದ ಗಟ್ಟಿಗಳನ್ನು ಜೋಡಿ ಬುಟ್ಟಿಯಲ್ಲಿ ಹೊತ್ತು ಮೇಲೆ ಬರುವ ಕೂಲಿಯವರು ಈ ಸಾಲಿಗೆ ದಾರಿ ಬಿಟ್ಟು ಬಂಡೆಗೆ ಆತು ನಿಲ್ಲಬೇಕು. ಬೋರ್ಡಿನ ಕಡೆ ಕೈ ತೋರಿಸಿ ಗೈಡನ್ನು ಕೇಳಿದೆ. ಅದು ಇದ್ದದ್ದೇ ಸರ್ ಎಂದು ನಕ್ಕ. ಅವನನ್ನು ದೂರಿ ಫಲವಿಲ್ಲ. ನಾವು ಬೆಂಗಳೂರಿನಲ್ಲಿ ದುಡ್ಡು ಕಟ್ಟಿ ಕೊಂಡ ಪ್ಯಾಕೇಜಿನ ಮುಖ್ಯ ಆಕರ್ಷಣೆಯೇ ಆ ನಿಷೇಧದ ಕೆಳಗಿತ್ತು.

ಒಬ್ಬರು ಬೇಡ ಎನ್ನುತ್ತಾರೆ, ಇನ್ನೊಬ್ಬರು ಟಿಕೆಟ್ ಕೊಡುತ್ತಾರೆ. ಇದು ಇಜೆನ್ ಒಂದರ ಕಥೆಯಲ್ಲ. ಸುಮಾತ್ರಾದ ಮರಾಪಿಯನ್ನು ನೋಡಿ. ಅದು 2011ರಿಂದಲೂ ಎರಡನೇ ಮಟ್ಟದ ಎಚ್ಚರಿಕೆಯಲ್ಲಿತ್ತು. ಕುಳಿಯಿಂದ ಮೂರು ಕಿಲೋಮೀಟರ್ ಒಳಗೆ ಯಾರೂ ಹೋಗಬಾರದು ಎಂದು ಜ್ವಾಲಾಮುಖಿ ಇಲಾಖೆ ಹೇಳಿತ್ತು. ಅದೇ ಸರ್ಕಾರದ ಪ್ರಕೃತಿ ಸಂರಕ್ಷಣಾ ಕಚೇರಿ ಅದೇ ಬೆಟ್ಟಕ್ಕೆ ಆನ್‌ಲೈನ್‌ನಲ್ಲಿ ಚಾರಣದ ಪರವಾನಗಿ ಕೊಡುತ್ತಿತ್ತು. 2023ರ ಡಿಸೆಂಬರ್ 3ರ ಭಾನುವಾರ ಬೆಟ್ಟ ಸಿಡಿದಾಗ ನೋಂದಾಯಿಸಿಕೊಂಡು ಮೇಲೆ ಹೋಗಿದ್ದವರು 75 ಮಂದಿ. 24 ಜನ ಸತ್ತರು. ಪರವಾನಗಿ ಜೇಬಿನಲ್ಲಿದ್ದವರು, ಕಳ್ಳದಾರಿಯಲ್ಲಿ ಹತ್ತಿದವರಲ್ಲ.

ಇಂಡೊನೇಷ್ಯಾದ ಆಡಳಿತವೇ ಹೀಗೆ ಎಂದು ತಳ್ಳಿಹಾಕುವವರು ನ್ಯೂಜಿಲೆಂಡಿನ ವಕಾರಿಯನ್ನು ನೆನಪಿಸಿಕೊಳ್ಳಲಿ. ವೈಟ್ ಐಲೆಂಡ್ ಎಂದೂ ಕರೆಯುವ ಈ ಖಾಸಗಿ ಒಡೆತನದ ದ್ವೀಪದ ಕುಳಿಯೊಳಕ್ಕೇ ಪ್ರವಾಸಿಗರನ್ನು ನಡೆಸಿಕೊಂಡು ಹೋಗುತ್ತಿದ್ದರು. 2019ರ ನವೆಂಬರ್ 18ರಂದು ಅಲ್ಲಿನ ವಿಜ್ಞಾನಿಗಳು ಎಚ್ಚರಿಕೆಯನ್ನು ಎರಡನೇ ಮಟ್ಟಕ್ಕೆ ಏರಿಸಿದರು. ಪ್ರವಾಸ ನಿಲ್ಲಲಿಲ್ಲ. ಮೂರು ವಾರದ ನಂತರ, ಡಿಸೆಂಬರ್ 9ರ ಮಧ್ಯಾಹ್ನ ಎರಡು ದಾಟಿದ ಹೊತ್ತಿಗೆ, ದ್ವೀಪದ ಮೇಲೆ 47 ಜನರಿದ್ದಾಗ ಅದು ಸಿಡಿಯಿತು. ಅವರಲ್ಲಿ ಹೆಚ್ಚಿನವರು ‘ಓವೇಶನ್ ಆಫ್ ದಿ ಸೀಸ್’ ಎಂಬ ವಿಹಾರ ಹಡಗಿನಲ್ಲಿ ಬಂದು, ದಡದ ಒಂದು ದಿನದ ಸುತ್ತಾಟವೆಂದು ಇದನ್ನು ಆರಿಸಿಕೊಂಡವರು. 22 ಮಂದಿ ತೀರಿಕೊಂಡರು, ಎಷ್ಟೋ ಜನ ಆಸ್ಪತ್ರೆಯಲ್ಲಿ, ವಾರಗಳ ನಂತರ. ಉಳಿದವರೂ ಬಿಸಿಬೂದಿ, ಆವಿಯಲ್ಲಿ ಬೆಂದವರೇ. ಕಸಿ ಮಾಡಲು ಚರ್ಮ ಸಾಲದೆ ಅಮೆರಿಕದಿಂದ 12 ಲಕ್ಷ ಚದರ ಸೆಂಟಿಮೀಟರ್ ತರಿಸಲು ಬೇಡಿಕೆ ಕಳಿಸಬೇಕಾಯಿತು.

ಅಲ್ಲಿ ಲಾವಾ ಹರಿಯಲಿಲ್ಲ. ನೆಲದಡಿಯ ನೀರು ವಿಪರೀತ ಕಾದು, ಒಮ್ಮೆಗೇ ಆವಿಯಾಗಿ, ಬಂಡೆಯನ್ನು ಒಡೆದುಕೊಂಡು ಬಂತು. ಇಂಥ ಸಿಡಿತಕ್ಕೆ ಶಿಲಾಪಾಕ ಮೇಲೇರಿ ಬರಲೇಬೇಕೆಂದಿಲ್ಲ, ಆದ್ದರಿಂದ ಉಪಕರಣಗಳಿಗೂ ಮುನ್ಸೂಚನೆ ಸಿಗುವುದು ಕಡಿಮೆ. ಅಡುಗೆಮನೆಯ ಕುಕ್ಕರಿಗಾದರೂ ಸೀಟಿ ಇದೆ.

ಆಮೇಲಿನ ಕೋರ್ಟು ಕಚೇರಿಯ ಕಥೆ ನನ್ನ ಪತ್ರಕ್ಕೆ ಹೆಚ್ಚು ಸಂಬಂಧಿಸಿದ್ದು. ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆ 13 ಕಕ್ಷಿದಾರರ ಮೇಲೆ ಮೊಕದ್ದಮೆ ಹೂಡಿತು. ಆ ಸಂಸ್ಥೆಯೇ ಮೊದಲು ನೆಟ್ಟಗೆ ಕಣ್ಣಿಟ್ಟಿರಲಿಲ್ಲ ಎಂದು ಸ್ವತಂತ್ರ ಪರಿಶೀಲನೆ ಹೇಳಿತು. ಪ್ರವಾಸದ ಕಂಪನಿಗಳಿಗೆ ದಂಡ, ಪರಿಹಾರದ ಆದೇಶ ಆಯಿತು. ದ್ವೀಪದ ಒಡೆತನ ನೋಡಿಕೊಳ್ಳುವ ಕಂಪನಿ 2023ರಲ್ಲಿ ತಪ್ಪಿತಸ್ಥ ಎನಿಸಿಕೊಂಡಿತು. 2025ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತೀರ್ಪನ್ನೂ ರದ್ದು ಮಾಡಿತು. ಕಂಪನಿ ಪ್ರವೇಶಕ್ಕೆ ಅನುಮತಿ ಕೊಡುತ್ತಿತ್ತು ಅಷ್ಟೆ, ದಿನದಿನದ ಪ್ರವಾಸ ಅದರ ಹಿಡಿತದಲ್ಲಿರಲಿಲ್ಲ ಎಂಬುದು ಕಾರಣ. ಕಾನೂನಿನ ಲೆಕ್ಕದಲ್ಲಿ ಸರಿಯೇ ಇರಬಹುದು. ಆದರೆ ಹಡಗಿನಲ್ಲಿ ಕೂತು ಟಿಕೆಟ್ ಕೊಂಡ ಮನುಷ್ಯನಿಗೆ ‘ಮೊನ್ನೆ ಎಚ್ಚರಿಕೆಯ ಮಟ್ಟ ಏರಿದೆ, ಯೋಚಿಸಿ’ ಎಂದು ಹೇಳುವ ಕೆಲಸ ಯಾರದಾಗಿತ್ತು? ವಿಜ್ಞಾನಿ ವೆಬ್‌ಸೈಟಿನಲ್ಲಿ ಹಾಕಿ ಕೈತೊಳೆದುಕೊಂಡ. ಏಜೆಂಟು ಗೈಡಿನ ಮೇಲೆ, ಗೈಡು ಮಾಲೀಕನ ಮೇಲೆ ಹಾಕಿದ. ನೋಟು ಕೈಯಿಂದ ಕೈಗೆ ಸಲೀಸಾಗಿ ದಾಟಿತು, ಮಾಹಿತಿ ಮಾತ್ರ ಎಲ್ಲೋ ನಿಂತುಬಿಟ್ಟಿತು.

ಮಟ್ಟ ತಿಳಿದ ಮಾತ್ರಕ್ಕೆ ಜೀವ ಉಳಿಯುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಪಾನಿನ ಒಂಟಾಕೆ 2014ರ ಸೆಪ್ಟೆಂಬರ್ 27ರಂದು ಸಿಡಿದಾಗ ಅದರ ಎಚ್ಚರಿಕೆ ತೀರಾ ಕೆಳಗಿನ ಒಂದನೇ ಮಟ್ಟದಲ್ಲಿತ್ತು. ಮರಗಳ ಎಲೆ ಕೆಂಪಾಗುವ ಕಾಲ, ಶನಿವಾರ, ತುದಿಯ ತುಂಬ ಚಾರಣಿಗರು. ಸತ್ತವರು, ಕಾಣೆಯಾದವರು ಸೇರಿ 63. ಅಷ್ಟು ಉಪಕರಣವಿರುವ ದೇಶದಲ್ಲೇ ಹೀಗಾಗುತ್ತದೆ ಎಂಬ ಸತ್ಯವನ್ನೂ ಗಿರಾಕಿಗೆ ಹೇಳಿಯೇ ಹಣ ಪಡೆಯಬೇಕು. ಗೊತ್ತಿದ್ದು ಹೋಗುವವನ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಏನೂ ಗೊತ್ತಿಲ್ಲದೆ ಚಪ್ಪಲಿಯಲ್ಲಿ ಕುಳಿಯಂಚಿಗೆ ಬರುವವರನ್ನು ಸಾಹಸಿಗಳೆಂದು ನಿಮ್ಮ ಲೇಖಕರು ಕರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಪ್ರವಾಸ ನಿಷೇಧಿಸಿ ಎಂಬ ವಾದವೂ ನನ್ನದಲ್ಲ. ಗೈಡು, ಜೀಪಿನವನು, ಚಹಾದಂಗಡಿಯವಳು ಎಲ್ಲರ ಒಲೆ ಉರಿಯುವುದು ಅದರಿಂದಲೇ. ಅಂಕೆಯಲ್ಲಿ ನಡೆಸುವ ಜಾಗಗಳೂ ಇವೆ. ಇಟಲಿಯ ಸ್ಟ್ರಾಂಬೋಲಿಯಲ್ಲಿ 2019ರ ಸ್ಫೋಟಕ್ಕೆ ಚಾರಣಿಗನೊಬ್ಬ ಬಲಿಯಾದ ಮೇಲೆ ತುದಿಯ ದಾರಿ ಮುಚ್ಚಿ, ಇಷ್ಟು ಎತ್ತರದವರೆಗೆ ಮಾತ್ರ ಎಂದು ಗೆರೆ ಎಳೆದರು. ಹವಾಯಿಯ ಕಿಲಾವೆಯಾದಲ್ಲಿ ವೀಕ್ಷಣಾಲಯ ದಿನವೂ ಸ್ಥಿತಿಗತಿ ಪ್ರಕಟಿಸುತ್ತದೆ, ಉದ್ಯಾನದವರು ಬೇಕಾದಾಗ ದಾರಿ ಮುಚ್ಚುತ್ತಾರೆ. ನಮ್ಮದೇ ಅಂಡಮಾನಿನ ಬ್ಯಾರನ್ ದ್ವೀಪ 2025ರ ಸೆಪ್ಟೆಂಬರಿನಲ್ಲೂ ಸಿಡಿಯಿತು. ಅಲ್ಲಿ ಪ್ರವಾಸಿಗರನ್ನು ಇಳಿಯಲು ಬಿಡುವುದಿಲ್ಲ, ಹಡಗಿನಿಂದಲೇ ನೋಡಿ ಬರಬೇಕು. ನೋಡಿ ಬಂದವರಿಗೆ ಅದರಿಂದ ಸಂತೋಷವೇನೂ ಕಡಿಮೆಯಾದಂತಿಲ್ಲ.

ಇಂಡೊನೇಷ್ಯಾದ ಕಚೇರಿಗಳನ್ನು ಮೈಸೂರಿನಿಂದ ತಿದ್ದಲಾಗದು. ಆದರೆ ಪ್ಯಾಕೇಜ್ ಮಾರಾಟವಾಗುವುದು ನಮ್ಮ ಜಯನಗರ, ಮಲ್ಲೇಶ್ವರದಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆ. ಜ್ವಾಲಾಮುಖಿ ಸೇರಿದ ಯಾವುದೇ ಪ್ಯಾಕೇಜಿಗೆ ಮುಂಗಡ ಪಡೆಯುವ ದಿನ, ಮತ್ತೆ ಹೊರಡುವ ಮುನ್ನ, ಆ ಬೆಟ್ಟದ ಮಟ್ಟವೆಷ್ಟು, ಕುಳಿಯಿಂದ ಎಷ್ಟು ದೂರ ಇರಬೇಕೆಂದು ಅಲ್ಲಿನ ಇಲಾಖೆ ಹೇಳಿದೆ ಎಂಬುದನ್ನು ಲಿಖಿತವಾಗಿ ಕೊಡಬೇಕು. ಮಟ್ಟ ಏರಿದರೆ ಆ ಭಾಗದ ಹಣ ವಾಪಸು ಮಾಡಬೇಕು. ಇದೇನು ಕಷ್ಟದ ಕೆಲಸವಲ್ಲ. ‘ಮ್ಯಾಗ್ಮಾ ಇಂಡೊನೇಷ್ಯಾ’ ಎಂಬ ಸರ್ಕಾರಿ ತಾಣದಲ್ಲಿ ಎಲ್ಲವೂ ಬಿಟ್ಟಿಯಾಗಿ ಸಿಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವಾಗಲಿ ರಾಜ್ಯದ ಇಲಾಖೆಯಾಗಲಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಸುತ್ತೋಲೆ ಬರುವವರೆಗೆ ಕಾಯದೆ ತಾವೊಂದು ಮಾಡಬಹುದು. ಮುಂದಿನ ಪುರವಣಿಯಲ್ಲಿ ಆ ಲೇಖನಕ್ಕೊಂದು ಪೂರಕ ಟಿಪ್ಪಣಿಯಾಗಿ ಬಾತೂರ್, ಇಜೆನ್, ಬ್ರೋಮೋ ಮೂರರ ಈ ವಾರದ ಎಚ್ಚರಿಕೆಯ ಮಟ್ಟವನ್ನು ಅಚ್ಚು ಹಾಕಿ. ಜಾಗವಿಲ್ಲದಿದ್ದರೆ ಕೆಳಗಿನ ಜಾಹೀರಾತಿನವರಿಂದ ಎರಡು ಸಾಲು ಬಿಡಿಸಿಕೊಳ್ಳಿ.

ಇಂತಿ,
ತಮ್ಮ ಹಳೆಯ ಚಂದಾದಾರ, ನಿವೃತ್ತ ಭೂಗೋಳ ಅಧ್ಯಾಪಕ
ಮೈಸೂರು