ಅಡ್ವಾನ್ಸ್ ಯಾವ ಕಡೆ ಬರೆಯುವುದು?

ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಚಾಮರಾಜಪೇಟೆಯ ಒಂದು ಮಹಿಳಾ ನಿಲಯಕ್ಕೆ ಹೋಗುತ್ತಿದ್ದೇನೆ. ಮನೆ ಬಿಟ್ಟು ಬಂದವರು, ಮನೆಯವರೇ ಹೊರಗೆ ಹಾಕಿದವರು, ಆಸ್ಪತ್ರೆಯಲ್ಲಿ ವಾಸಿಯಾದರೂ ಕರೆದುಕೊಂಡು ಹೋಗಲು ಯಾರೂ ಬಾರದವರು, ಹೀಗೆ ಇಪ್ಪತ್ತು ಇಪ್ಪತ್ತೆರಡು ಹೆಂಗಸರು ಅಲ್ಲಿ ತಾತ್ಕಾಲಿಕವಾಗಿ ಇರುತ್ತಾರೆ. ಅವರಿಗೆ ‘ಜೀವನ ಕೌಶಲ’ ಹೇಳಿಕೊಡುವುದು ನನ್ನ ಕೆಲಸ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದವಳೆಂಬ ಕಾರಣಕ್ಕೆ ‘ಹಣದ ನಿರ್ವಹಣೆ’ ಎಂಬ ಪಾಠ ನನ್ನ ಪಾಲಿಗೆ ಬಂತು.

ಮೊದಲ ವರ್ಷದ ಒಂದು ಶನಿವಾರ. ಬೋರ್ಡಿನ ಮೇಲೆ ಉದ್ದಕ್ಕೆ ಗೆರೆ ಎಳೆದು ಒಂದು ಕಡೆ ಆದಾಯ, ಇನ್ನೊಂದು ಕಡೆ ವೆಚ್ಚ ಎಂದು ಬರೆದೆ. ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುವ ಒಬ್ಬಾಕೆ ಹಿಂದಿನ ಸಾಲಿನಿಂದ ಕೇಳಿದಳು: “ಮೇಡಂ, ಅಡ್ವಾನ್ಸ್ ಯಾವ ಕಡೆ ಬರ್ಕೊಬೇಕು?”

ಆಕೆಯ ಲೆಕ್ಕ ಸರಳವಾಗಿತ್ತು. ಕೈಗೆ ಬರುವ ಸಂಬಳ ಹನ್ನೊಂದು ಸಾವಿರ. ಊರಲ್ಲಿ ತಾಯಿಯ ಹತ್ತಿರ ಇರುವ ಮಗುವಿಗೆ ಕಳಿಸಿ, ಬಸ್ಸು, ಔಷಧಿ, ಹಳೆಯ ಸಾಲದ ಬಡ್ಡಿ ಎಲ್ಲ ಕಳೆದು ತಿಂಗಳಿಗೆ ಮೂರು ಸಾವಿರ ಉಳಿಸುತ್ತಿದ್ದಳು. ಆಕೆ ನೋಡಿಕೊಂಡು ಬಂದಿದ್ದ ಒಂದು ಕೋಣೆಯ ಬಾಡಿಗೆ ಐದು ಸಾವಿರ. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಮುಂಗಡ, ಅಂದರೆ ಐವತ್ತು ಸಾವಿರ. ಮೂರು ಸಾವಿರದಂತೆ ಕೂಡಿಸಿದರೆ ಹದಿನೇಳು ತಿಂಗಳು ಬೇಕು. ನಿಲಯ ಆಕೆಗೆ ಕೊಟ್ಟಿದ್ದ ಅವಧಿ ಹನ್ನೆರಡು ತಿಂಗಳು. ಈ ಲೆಕ್ಕವನ್ನು ಆಕೆ ನನಗಿಂತ ಮೊದಲೇ, ಕಾಗದ ಪೆನ್ಸಿಲು ಇಲ್ಲದೆ ಮಾಡಿ ಮುಗಿಸಿದ್ದಳು. ನಾನು ಕಲಿಸಬೇಕಾದದ್ದು ಏನು ಉಳಿದಿತ್ತು?

ಅಂದಿನಿಂದ ನನ್ನನ್ನು ಕಾಡುತ್ತಿರುವ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಮನೆಯಿಲ್ಲದವರಿಗೆ ನಾವು ಕೊಡುತ್ತಿರುವ ಜೀವನ ಕೌಶಲದ ಪಾಠ ಬಹುಮಟ್ಟಿಗೆ ಒಂದು ನೆಪ. ಮನೆ ಕೊಡಲಾರೆವು ಎಂಬುದನ್ನು ಒಪ್ಪಿಕೊಳ್ಳುವ ಬದಲು, ಮನೆ ಮಾಡಿಕೊಳ್ಳುವ ಯೋಗ್ಯತೆ ನಿಮಗೆ ಇನ್ನೂ ಬಂದಿಲ್ಲ ಎಂದು ಅವರಿಗೇ ಹೇಳುವ ಸಭ್ಯ ವಿಧಾನ.

ಈ ಪಾಠ ಎಲ್ಲಿಂದ ಬಂತು ನೋಡಿ. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತಿಳಿಯುವುದು, ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಒತ್ತಡ ತಾಳಿಕೊಳ್ಳುವುದು ಮುಂತಾದ ಹತ್ತು ಕೌಶಲಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಆರಂಭದಲ್ಲಿ ಸಿದ್ಧಪಡಿಸಿತು. ಯಾರಿಗಾಗಿ? ಶಾಲೆಯಲ್ಲಿ ಓದುವ ಮಕ್ಕಳಿಗೆ, ಹದಿಹರೆಯದವರಿಗೆ. ನಮ್ಮ ಊರಿನ ನಿಮ್ಹಾನ್ಸ್ ಕೂಡ ಅದನ್ನು ಪ್ರೌಢಶಾಲೆಯ ಮಕ್ಕಳಿಗೆ ಒಗ್ಗಿಸಿ ಒಳ್ಳೆಯ ಕೆಲಸ ಮಾಡಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಹೇಳುವುದನ್ನು ನಲವತ್ತು ವರ್ಷದ, ಮೂರು ಮಕ್ಕಳನ್ನು ಹೆತ್ತು ಒಂದನ್ನು ಮಣ್ಣು ಮಾಡಿದ ಹೆಂಗಸಿಗೆ ಹೇಳುತ್ತೇವಲ್ಲ, ಅದರ ಬಗ್ಗೆ ತಕರಾರು. ನಡುರಾತ್ರಿ ಕುಡಿದು ಬಂದ ಗಂಡನ ಕಣ್ಣು ತಪ್ಪಿಸಿ, ಮಗುವನ್ನು ಎತ್ತಿಕೊಂಡು, ಆಧಾರ್ ಕಾರ್ಡನ್ನೂ ಮಗುವಿನ ಲಸಿಕೆಯ ಚೀಟಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮೆಜೆಸ್ಟಿಕ್ ಬಸ್ ನಿಲ್ದಾಣ ಸೇರಿದವಳಿಗೆ ನಾನು ನಿರ್ಧಾರ ಕೈಗೊಳ್ಳುವುದನ್ನು ಕಲಿಸಬೇಕೆ?

ಇಂಥ ಹೆಂಗಸರಿಗೆ ಹಣದ ವ್ಯವಹಾರ ತಿಳಿಯದು ಎನ್ನುವವರು 2016ರ ಏಪ್ರಿಲನ್ನು ನೆನಪು ಮಾಡಿಕೊಳ್ಳಬೇಕು. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲನ್ನು ಐವತ್ತೆಂಟು ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಆ ತಿಂಗಳ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ ಕೆಲಸಗಾರ್ತಿಯರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಲಾಠಿ, ಕಲ್ಲು, ಬೆಂಕಿ ಎಲ್ಲವೂ ಆದವು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ 19ರ ಸಂಜೆಯೊಳಗೆ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಬ್ಯಾಂಕಿನಲ್ಲಿ ಕೂತಿದ್ದ ನಮಗೆ, ಪದವಿ ಪಡೆದವರಿಗೆ, ಆ ನಿಯಮದ ಅರ್ಥ ಪೂರ್ತಿ ಹೊಳೆದದ್ದು ಅವರು ಬೀದಿಗೆ ಬಂದ ಮೇಲೆ. ಮಗಳ ಮದುವೆಗೂ ತಾಯಿಯ ಆಪರೇಷನ್ನಿಗೂ ಇರುವ ಗಂಟು ಅದೊಂದೇ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಬಡಾವಣೆಗಳ ಕಥೆಯನ್ನೂ ಸ್ವಲ್ಪ ಜ್ಞಾಪಿಸಿಕೊಳ್ಳೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಆ ಕಾಲಕ್ಕೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಹೇಗೆ? ಮೈಸೂರು ಸರ್ಕಾರ ಅಗಲವಾದ ರಸ್ತೆ ಹಾಕಿಸಿ, ನಿವೇಶನ ಅಳೆದು ಕೊಟ್ಟಿತು. ಆ ಹಂಚಿಕೆ ಜಾತಿವಾರಾಗಿ ನಡೆಯಿತು ಎಂಬ ಸತ್ಯವನ್ನೂ ಜೊತೆಗೇ ಹೇಳಬೇಕು. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಅಲ್ಲೇ ತೀರ್ಮಾನವಾಯಿತು. ಸಿಕ್ಕವರನ್ನು ಮಾತ್ರ ಯಾರೂ ಸಾಲಾಗಿ ಕೂರಿಸಿ, ಮೊದಲು ಒತ್ತಡ ತಾಳಿಕೊಳ್ಳುವುದನ್ನು ಕಲಿಯಿರಿ, ಆಮೇಲೆ ನಿವೇಶನ ಎನ್ನಲಿಲ್ಲ. ಹಳ್ಳಿಯಿಂದ ಓದಲು ಬಂದ ಬಡ ಹುಡುಗರಿಗೆ ಇದೇ ಬೀದಿಗಳಲ್ಲಿ ವಾರಾನ್ನ ಸಿಗುತ್ತಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದೂ ಜಾತಿಯ ಬೇಲಿಯೊಳಗಿನ ಅನ್ನವೇ. ಆದರೆ ಅನ್ನ ಮೊದಲು, ಉಪದೇಶ ಆಮೇಲೆ ಎಂಬ ಕ್ರಮ ಆ ಮನೆಗಳಿಗೆ ತಿಳಿದಿತ್ತು. ಎಳೆಯ ವಿಧವೆಯರಿಗಾಗಿ 1905ರಲ್ಲಿ ಹುಟ್ಟಿದ ಬಸವನಗುಡಿಯ ಅಬಲಾಶ್ರಮವೂ ಮೊದಲು ಒಂದು ಸೂರು, ಆಮೇಲೆ ಶಾಲೆ. ನಮ್ಮವರಿಗೆ ಒಂದು ಕ್ರಮ, ಇತರರಿಗೆ ಇನ್ನೊಂದು ಕ್ರಮ ಏಕೆ?

ಅಗ್ಗದ ಮನೆಗಳು ಆಗ ಇದ್ದವು ಎಂಬುದನ್ನೂ ಮರೆಯಬಾರದು. ಚಾಮರಾಜಪೇಟೆಯ, ಗಾಂಧಿಬಜಾರಿನ ವಠಾರಗಳಲ್ಲಿ ಒಂದು ನಲ್ಲಿ, ಒಂದು ಅಂಗಳಕ್ಕೆ ಎಂಟು ಹತ್ತು ಸಂಸಾರಗಳು ಬಾಳಿದವು. ಈಗ ಆ ಜಾಗಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ವಠಾರ ಹೋಯಿತು, ಬದಲಿಗೆ ಯೋಜನೆಗಳು ಬಂದವು. 1969ರಲ್ಲಿ ಅಲ್ಪಾವಧಿ ವಸತಿ ಗೃಹ, 2001–02ರಲ್ಲಿ ಸ್ವಾಧಾರ, ಅವೆರಡೂ ಕೂಡಿ ಸ್ವಾಧಾರ ಗೃಹ, 2022ರಿಂದ ಶಕ್ತಿ ಸದನ. ಹೆಸರು ಬದಲಾದಂತೆಲ್ಲ ಒಳಗೆ ಬರುವ ಬಾಗಿಲು ಇದ್ದೇ ಇತ್ತು, ಹೊರಗೆ ಹೋಗುವ ಬಾಗಿಲಿನ ಆಚೆ ಮಾತ್ರ ಮನೆ ಇರಲಿಲ್ಲ.

ಇದನ್ನೆಲ್ಲ ನಿಲಯದ ಸಮಿತಿಯವರೊಬ್ಬರ ಮುಂದೆ ಹೇಳಿದೆ. “ಹಾಗಾದರೆ ಪಾಠ ನಿಲ್ಲಿಸಿಬಿಡೋಣವೆ? ದುಡ್ಡು ಕೈಗೆ ಕೊಟ್ಟರೆ ಆ ಗಂಡನ ಹತ್ತಿರಕ್ಕೇ ವಾಪಸ್ಸು ಹೋಗ್ತಾರೆ” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾವು ಮೂರು ಜನ ಗೆಳತಿಯರು ಕೈಯಿಂದ ಹಾಕಿ ಒಬ್ಬಳಿಗೆ ಮುಂಗಡ ಕೊಟ್ಟೆವು. ಐದನೆಯ ತಿಂಗಳಿಗೆ ಗಂಡ ಬಂದು ಕರೆದ, ಹೋದಳು. ಅರ್ಧ ಹಣ ಹಿಂದಕ್ಕೆ ಬರಲಿಲ್ಲ. ಆದರೆ ನಾನು ಬ್ಯಾಂಕಿನವಳು. ವಸೂಲಾಗದ ಸಾಲವನ್ನು ವಜಾ ಮಾಡಿದ ಬ್ಯಾಂಕು ಮರುದಿನದಿಂದ ಸಾಲ ಕೊಡುವುದನ್ನು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ದೊಡ್ಡವರಿಗೆ ಸಲ್ಲುವ ಆ ಧಾರಾಳ ಇವರಿಗೂ ಸಲ್ಲಲಿ.

ಪಾಠವನ್ನು ನಿಲ್ಲಿಸಬೇಕೆಂದೂ ನಾನು ಹೇಳುತ್ತಿಲ್ಲ. ಎಟಿಎಂ ಮುಟ್ಟಲು ಹೆದರುತ್ತಿದ್ದವಳೊಬ್ಬಳು ನನ್ನ ಜೊತೆ ನಾಲ್ಕು ಸಲ ಬಂದು ಕಲಿತಳು. ಬಾಡಿಗೆ ಕರಾರುಪತ್ರವನ್ನು ಸಾಲುಸಾಲಾಗಿ ಓದಿ ಹೇಳಿ ಎಂದು ಕೇಳಿದವರಿದ್ದಾರೆ. ಇವು ಅವರು ಕೇಳಿ ಪಡೆದ ಪಾಠಗಳು. ಹಾಜರಿ ಹಾಕದಿದ್ದರೆ ಅವಧಿ ಮುಂದುವರಿಸುವುದಿಲ್ಲ ಎಂದು ಹೆದರಿಸಿ ಕೂರಿಸುವುದು ಬೇರೆ. ಆರು ದಿನ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತವಳನ್ನು ಸಿಗುವ ಒಂದು ಅರ್ಧ ದಿನದಲ್ಲೂ ಕೂರಿಸಿ, ನಿನ್ನ ಗುರಿಯ ಚಿತ್ರ ಬರೆ ಎಂದು ಬಣ್ಣದ ಪೆನ್ಸಿಲು ಕೊಡುವುದು ಅವಮಾನ. ಎಲ್ಲರೂ ಮನೆಯ ಚಿತ್ರವನ್ನೇ ಬರೆಯುತ್ತಾರೆ. ಅದನ್ನು ನಾವು ಗೋಡೆಗೆ ಅಂಟಿಸುತ್ತೇವೆ.

ಇನ್ನು ನನ್ನದೇ ಒಂದು ಮಾತು. ಅಡ್ವಾನ್ಸಿನ ಪ್ರಶ್ನೆ ಕೇಳಿದ ಆಕೆಯ ಜೊತೆ ಒಂದು ಕೋಣೆ ನೋಡಲು ಹೋಗಿದ್ದೆ. ಮನೆಯೊಡತಿ ಆಕೆಯನ್ನು ಬಿಟ್ಟು ನನ್ನನ್ನೇ ಕೇಳಿದರು: “ಯಜಮಾನರು ಏನು ಮಾಡ್ತಾರೆ? ನಿಮ್ಮ ಪೈಕಿನೇನಾ? ಮಾಂಸ ಗೀಂಸ ಮಾಡಲ್ಲ ತಾನೆ?” ನನಗೆ ಸಿಟ್ಟು ಬಂತು. ದಾರಿಯಲ್ಲಿ ಬರುತ್ತಾ ಆ ಸಿಟ್ಟು ಇಳಿಯಿತು. ಬಸವನಗುಡಿಯಲ್ಲಿ ನನ್ನ ಮನೆಯ ಹಿಂದೊಂದು ಔಟ್‌ಹೌಸ್ ಇದೆ. ಬಾಡಿಗೆ ಅದೇ ಐದು ಸಾವಿರ. ಇಪ್ಪತ್ತು ವರ್ಷಗಳಲ್ಲಿ ಬಂದು ಹೋದ ಪ್ರತಿಯೊಬ್ಬರಿಗೂ ನಾನು ಈ ಪ್ರಶ್ನೆಗಳನ್ನೇ, ಸ್ವಲ್ಪ ನಾಜೂಕಾಗಿ, ಕೇಳಿದ್ದೇನೆ. ಹತ್ತು ತಿಂಗಳ ಮುಂಗಡವನ್ನೂ ತೆಗೆದುಕೊಂಡಿದ್ದೇನೆ. ಪರರ ನೋವನ್ನು ತಿಳಿಯುವುದು ಎಂಬ ಪಾಠ ಯಾರಿಗೆ ಬೇಕಾಗಿತ್ತು?

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಮಾದರಿ ಎಂದಮೇಲೆ ಅದು ಮಾದರಿಯೇ, ರಾಜ್ಯ ತನ್ನದಾಗಿಸಿಕೊಂಡರೆ ಮಾತ್ರ ಕಾನೂನು. ಎರಡೇ ತಿಂಗಳೆಂದರೆ ಆಕೆ ನಾಲ್ಕು ತಿಂಗಳಲ್ಲಿ ಹಣ ಕೂಡಿಸುತ್ತಿದ್ದಳು, ಹನ್ನೆರಡು ತಿಂಗಳ ಅವಧಿ ಸಾಕಾಗಿ ಮಿಗುತ್ತಿತ್ತು. ಹಾಗಾಗಲಿಲ್ಲ. ಅವಧಿ ಮುಗಿದ ದಿನ ಆಕೆ ಫ್ಯಾಕ್ಟರಿಯ ಇನ್ನು ಮೂವರ ಜೊತೆ ಒಂದೇ ಕೋಣೆ ಸೇರಿದಳು. ಮಗು ಇನ್ನೂ ಊರಲ್ಲೇ ಇದೆ. ನಿಲಯದ ವರದಿಯಲ್ಲಿ ಆಕೆ ‘ಪುನರ್ವಸತಿ ಹೊಂದಿದವರು’ ಎಂಬ ಸಾಲಿನಲ್ಲಿದ್ದಾಳೆ.

ಮುಂದಿನ ತಿಂಗಳು ನನ್ನ ಔಟ್‌ಹೌಸ್ ಖಾಲಿಯಾಗುತ್ತದೆ. ಎಂಟು ತಿಂಗಳ ಮುಂಗಡ ಬಿಟ್ಟುಕೊಟ್ಟರೆ ನನಗಾಗುವ ನಷ್ಟವನ್ನು ಬೋರ್ಡಿನ ಮೇಲೆ ಬರೆಯುವಂತೆಯೇ ಬರೆದು ನೋಡಿದೆ. ನಲವತ್ತು ಸಾವಿರಕ್ಕೆ ಶೇಕಡಾ ಆರರಂತೆ ಬಡ್ಡಿ ಹಾಕಿದರೆ ತಿಂಗಳಿಗೆ ಇನ್ನೂರು ರೂಪಾಯಿ. ಆ ಇನ್ನೂರು ರೂಪಾಯಿಗಾಗಿ ನಾನು ಇಪ್ಪತ್ತು ವರ್ಷ ಬಾಗಿಲು ಹಾಕಿಕೊಂಡಿದ್ದೆ. ಆಕೆಗೆ ಹೇಳಿ ಕಳಿಸಿದ್ದೇನೆ, ಮಗುವನ್ನೂ ಕರೆದುಕೊಂಡು ಬಂದು ನೋಡಲಿ ಎಂದು.